ನೀಲಿ ಹಾಕದ ಮುಖ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ರಾಮನಗರದ ಒಂದು ಖಾಸಗಿ ದೃಶ್ಯಕಲಾ ಕಾಲೇಜಿನಲ್ಲಿ ಶಿಲ್ಪಕಲಾ ವಿಭಾಗದ ಉಪನ್ಯಾಸಕನಾಗಿದ್ದೆ. ವಿಭಾಗ ಎಂದರೆ ದೊಡ್ಡದೇನೂ ಅಲ್ಲ. ರೇಷ್ಮೆ ನೂಲು ತೆಗೆಯುವ ಘಟಕವೊಂದು ಮುಚ್ಚಿಹೋಗಿತ್ತು. ಅದರ ಹಿಂಬದಿಯ ಶೆಡ್ಡೇ ನಮ್ಮ ಸ್ಟುಡಿಯೋ. ಗೂಡು ಬೇಯಿಸುತ್ತಿದ್ದ ತೊಟ್ಟಿಗಳಲ್ಲಿ ನಾವು ಜೇಡಿಮಣ್ಣು ನೆನೆಹಾಕುತ್ತಿದ್ದೆವು. ಎಷ್ಟು ತೊಳೆದರೂ ಮಳೆಗಾಲದಲ್ಲಿ ಬೆಂದ ಹುಳುವಿನ ವಾಸನೆ ಗೋಡೆಯಿಂದ ಮೆಲ್ಲಗೆ ಹೊರಗೆ ಬರುತ್ತಿತ್ತು. ಹೊಸ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಚನ್ನಪಟ್ಟಣ, ಕನಕಪುರ ಕಡೆಯ ಹುಡುಗರಿಗೆ ಅದು ಮನೆಯ ವಾಸನೆಯೇ ಆದ್ದರಿಂದ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಈ ಪ್ರಸಂಗವನ್ನು ಬರೆಯಬೇಕೆಂದು ಕೆಲವರು ಕೇಳಿದ್ದರು. ನನ್ನ ಅಕ್ಕ ಜಯಮ್ಮ ಬದುಕಿರುವವರೆಗೆ ಬರೆಯುವುದಿಲ್ಲ ಎಂದಿದ್ದೆ. ಅಕ್ಕ ಹೋದ ವರ್ಷ ತೀರಿಕೊಂಡಳು. ಇದರಲ್ಲಿ ನನ್ನದೆಷ್ಟು ಪಾಲೋ ಅವಳದೂ ಅಷ್ಟೇ. ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೊನೆಗೆ ನಾನು ಯಾರನ್ನೂ ಕ್ಷಮಿಸುವುದಿಲ್ಲ.

ನಮ್ಮಲ್ಲಿ ಪದವಿ ನಾಲ್ಕು ವರ್ಷದ್ದು. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ರೇಖೆ, ಬಣ್ಣ, ಮಣ್ಣು, ಅಕ್ಷರ ಎಲ್ಲವನ್ನೂ ಒಂದಿಷ್ಟು ಮುಟ್ಟಿಸುತ್ತಿದ್ದೆವು. ಆಮೇಲೆ ವಿಭಾಗ ಆರಿಸಿಕೊಳ್ಳಬೇಕು. ಜಾಹೀರಾತು ಕಂಪನಿಯಲ್ಲಿ ಕೆಲಸ ಸಿಗುತ್ತದೆಂದು ಹೆಚ್ಚಿನವರು ಅಪ್ಲೈಡ್ ಆರ್ಟ್‌ಗೆ ಹೋಗುತ್ತಿದ್ದರು. ಉಳಿದವರು ಪೇಂಟಿಂಗ್. ಶಿಲ್ಪಕಲೆಗೆ ಬರುವವರು ಬೆರಳೆಣಿಕೆ. ಅಂಥವರಲ್ಲಿ ಒಬ್ಬಳು ಸುಮಿತ್ರ, ಜಯಕ್ಕನ ಮಗಳು. ಮರಳವಾಡಿಯವಳು. ನಾನು ಅವಳಿಗೆ ಸೋದರಮಾವ.

ಕಾಲೇಜಿನಲ್ಲಿ ಮಾವ ಎನ್ನಬಾರದು, ಸಾರ್ ಎನ್ನಬೇಕು ಎಂದು ಸೇರಿದ ದಿನವೇ ಹೇಳಿದ್ದೆ.

"ಹಂಗೇ ಆಗ್ಲಿ. ಕೆಲ್ಸ ಕೆಟ್ರೆ ಸಾರ್ ಅಂತೀನಿ, ಚೆಂದಾಗಿ ಬಂದ್ರೆ ಮಾವ ಅಂತೀನಿ," ಎಂದಿದ್ದಳು.

ಅವಳ ಕೆಲಸ ಕೆಡುತ್ತಿದ್ದುದು ಕಡಿಮೆ. ಹಾಗಾಗಿ ಇಡೀ ಶೆಡ್ಡಿಗೆ ನಾನು ಮಾವನಾದೆ. ಬೇರೆ ಹುಡುಗರೂ ಹಿಂದಿನಿಂದ ಮಾವ ಎಂದೇ ಕರೆಯುತ್ತಿದ್ದರು.

ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ದೊಡ್ಡ ಕೃತಿ ಮಾಡಿ ಪ್ರದರ್ಶನಕ್ಕಿಡಬೇಕು. ಸುಮಿತ್ರ ತನ್ನ ಅಜ್ಜಿಯನ್ನು ಮಾಡುತ್ತೇನೆ ಎಂದಳು. ಅವಳ ಅಜ್ಜಿ ಎಂದರೆ ನಮ್ಮವ್ವ. ಅವ್ವ ಅದರ ಹಿಂದಿನ ವರ್ಷ ಅಕ್ಕೂರಿನಲ್ಲಿ ತೀರಿಕೊಂಡಿದ್ದಳು. ನೆಟ್ಟಗೆ ತೆಗೆಸಿದ ಒಂದು ಫೋಟೋ ಕೂಡ ಇರಲಿಲ್ಲ. ಮದುವೆಯೊಂದರ ಗುಂಪಿನಲ್ಲಿ ಯಾರದೋ ಹೆಗಲ ಹಿಂದೆ ಅರ್ಧ ಮುಖ ಕಾಣುವ ಒಂದು ಚಿತ್ರ, ಅಷ್ಟೇ.

"ನೆನಪಿಂದ ಮಾಡ್ತೀಯಾ? ಜ್ಯೂರಿಯವರು ಅಳತೆ ಕೇಳ್ತಾರೆ," ಎಂದೆ.

"ಅಳತೆ ಅವ್ವಯ್ಯನ ಹತ್ರ ಎಲ್ಲಿತ್ತು ಮಾವ? ಅವಳು ಹುಳಿಗೆ ಉಪ್ಪು ಹಾಕ್ತಿದ್ದಂಗೆ ಹಾಕ್ತೀನಿ, ಸರಿಯಾಗಿರ್ತೈತೆ."

ಅವಳು ಹಿಡಿದ ಭಂಗಿ ನಾವೆಲ್ಲ ದಿನವೂ ನೋಡಿದ್ದೇ. ಅವ್ವ ಕಾಲು ಚಾಚಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಗೂಡು ಆರಿಸುತ್ತಿದ್ದಳು. ಅನುಮಾನ ಬಂದ ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದಳು. ಒಳಗಿನ ಹುಳು ಗಟ್ಟಿಯಾಗಿದ್ದರೆ ಅದು ಸಣ್ಣಗೆ ಸದ್ದು ಮಾಡುತ್ತದೆ. ಸತ್ತು ಅಂಟಿಕೊಂಡಿದ್ದರೆ ಸದ್ದಿಲ್ಲ. ಆ ಸದ್ದು ಕೇಳುವಾಗ ಅವ್ವನ ತಲೆ ಎಡಕ್ಕೆ ತಿರುಗಿ ಒಸಿ ಕೆಳಕ್ಕೆ ವಾಲುತ್ತಿತ್ತು. ಬಾಯಿ ಅರೆತೆರೆಯುತ್ತಿತ್ತು. ಸುಮಿತ್ರ ಅದನ್ನೇ ಹಿಡಿದಳು. ಕೈಗಳಿಗೆ ಅಕ್ಕ ಬಂದು ಮಾಡೆಲ್ ಆಗಿ ಕೂತಳು. ಮುಖಕ್ಕೆ ಮಾತ್ರ ಯಾರನ್ನೂ ಕೂರಿಸಲಿಲ್ಲ. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಶೆಡ್ಡಿಗೆ ಬಂದರೆ ಅವ್ವ ಅಲ್ಲಿ ಕೂತಿದ್ದಳು. ಮೂಗಿನ ಪಕ್ಕದಲ್ಲಿ ಮೂಗುಬೊಟ್ಟು ಸಹ. ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ. ಶೆಡ್ಡಿಗೆ ಚಪ್ಪಲಿ ಹಾಕಿಕೊಂಡೇ ಹೋಗುವ ಪದ್ಧತಿ.

ಮಣ್ಣಿನ ಕೆಲಸ ಮುಗಿದ ವಾರದಲ್ಲೇ ಸುಮಿತ್ರಳಿಗೆ ಕಾಮಾಲೆ ಹಿಡಿಯಿತು. ಊರಲ್ಲಿ ನಾರುಬೇರಿನ ಔಷಧಿ ಕೊಟ್ಟರು. ಪಥ್ಯ ಮಾಡಿದರು. ಕಣ್ಣು ತೀರಾ ಹಳದಿಯಾಗಿ ಮಾತು ತೊದಲಿದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಅವಳು ವಾಪಸು ಬರಲಿಲ್ಲ. ಅದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಜೇಡಿಮಣ್ಣಿನ ಕೃತಿ ಒಣಗಿದರೆ ಬಿರುಕು ಬಿಡುತ್ತದೆ. ದಿನವೂ ನೀರು ಚಿಮುಕಿಸಿ, ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ತಿಥಿ ಮುಗಿಸಿ ಬಂದವನು ನಾನು ಆ ಕೆಲಸ ಮಾಡಿದೆ. ಬೆಳಿಗ್ಗೆ ಪಾಠಕ್ಕೆ ಮೊದಲು ಬಟ್ಟೆ ಬಿಚ್ಚುವುದು, ನೀರು ಹಾಕುವುದು, ಮತ್ತೆ ಸುತ್ತುವುದು. ರಜೆಯಲ್ಲೂ ಬಂದೆ. ಎರಕ ಹೊಯ್ಯಬಹುದಿತ್ತು. ಆದರೆ ಹೊಯ್ಯಬೇಕಾದರೆ ಮಣ್ಣನ್ನು ಕೆಡಿಸಬೇಕು. ಅವಳ ಬೆರಳಿನ ಗುರುತು ಇರುವುದು ಮಣ್ಣಿನ ಮೇಲೆ. ನನ್ನಿಂದ ಆಗಲಿಲ್ಲ.

ಇಲ್ಲಿ ಕೆಂಪರಾಜುವಿನ ವಿಷಯ ಹೇಳಬೇಕು. ಆತ ನಮ್ಮ ಕಾಲೇಜಿನ ಪ್ರಿನ್ಸಿಪಾಲ್. ನನ್ನ ಸಹಪಾಠಿ ಕೂಡ. ಇಬ್ಬರೂ ಮೈಸೂರಿನಲ್ಲಿ ಒಂದೇ ಗುರುಗಳ ಕೆಳಗೆ ಮಣ್ಣು ತುಳಿದವರು, ಒಂದೇ ರೂಮಿನಲ್ಲಿ ಅನ್ನ ಬೇಯಿಸಿಕೊಂಡವರು. ಅವನ ಕೈಯಲ್ಲಿ ಕಸುಬು ಇತ್ತು, ನಿಜವಾಗಿ ಇತ್ತು. ಕುರ್ಚಿ ಸಿಕ್ಕಿದ ಮೇಲೆ ಮಣ್ಣು ಮುಟ್ಟುವುದನ್ನು ಬಿಟ್ಟ. ಸಭೆ, ಶಾಲು, ಉದ್ಘಾಟನೆ ಇವುಗಳಲ್ಲಿ ಓಡಾಡುತ್ತಿದ್ದ. ಎಲ್ಲರ ಮುಂದೆ ನಾನು ಅವನನ್ನು ಸಾರ್ ಎನ್ನುತ್ತಿದ್ದೆ. ಇಬ್ಬರೇ ಇದ್ದಾಗ ಹಳೆಯ ಮಾತು.

ಒಂದು ದಿನ ಶೆಡ್ಡಿಗೆ ಬಂದ. ನಾನು ಬಟ್ಟೆಗೆ ನೀರು ಹಾಕುತ್ತಿದ್ದೆ.

"ಲೇ ರುದ್ರ, ಎಷ್ಟು ದಿನ ಹಿಂಗೇ ನೀರು ಹುಯ್ಕಂಡು ಕೂತಿರ್ತೀಯ? ಇದೇನು ತುಳಸಿ ಗಿಡ ಏನ್ಲಾ?"

ನಾನು ಬಟ್ಟೆ ಸುತ್ತುತ್ತಲೇ ಇದ್ದೆ. ಅವನೇ ಮುಂದುವರಿಸಿದ. ರೇಷ್ಮೆ ಬೆಳೆಗಾರರ ಸಂಘವೊಂದು ತಮ್ಮ ಕಟ್ಟಡದ ಮುಂದಿನ ವೃತ್ತದಲ್ಲಿ ಒಂದು ಪ್ರತಿಮೆ ನಿಲ್ಲಿಸಬೇಕೆಂದಿದೆ, ಬೆಳೆಗಾರ ಹೆಣ್ಣುಮಗಳ ಪ್ರತಿಮೆ, ಇದನ್ನೇ ಕೊಡೋಣ ಎಂದ. ಬಿಳಿ ಸಿಮೆಂಟಿಗೆ ಅಮೃತಶಿಲೆಯ ಪುಡಿ ಬೆರೆಸಿ ಹೊಯ್ಯಬೇಕು, ಸಂಘದವರಿಗೆ ಹಾಲಿನ ಬಣ್ಣ ಬೇಕಂತೆ.

ಸುಮಿತ್ರಳ ಕೆಲಸ ವೃತ್ತದಲ್ಲಿ ನಿಲ್ಲುತ್ತದೆ ಎಂದು ನನಗೆ ಅನಿಸಿದ್ದು ಅಷ್ಟೇ. ಬಸ್ಸಿನಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಕೆಳಗೆ ಅವಳ ಹೆಸರು ಇರುತ್ತದೆ. ಆ ಸಂಜೆಯೇ ಒಪ್ಪಿದೆ. ಹೆಸರು ಯಾರದು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವನೂ ಹೇಳಲಿಲ್ಲ.

ಕೆಲವು ದಿನಗಳ ಮೇಲೆ ಸಂಘದ ಅಧ್ಯಕ್ಷರು ಮಣ್ಣಿನ ಪ್ರತಿಮೆ ನೋಡಲು ಬಂದರು. ಬೋರೇಗೌಡರು ಎಂದು ಅವರ ಹೆಸರು. ಹಿಪ್ಪುನೇರಳೆ ತೋಟದಲ್ಲೇ ಬೆಳೆದ ಹಿರಿಯರು. ಪ್ರತಿಮೆಯ ಸುತ್ತ ಒಂದು ಸುತ್ತು ಬಂದರು. ಅವ್ವನ ಕಿವಿಯ ಹತ್ತಿರದ ಗೂಡನ್ನು ನೋಡಿ ನಕ್ಕರು.

"ಅಲಲಲಾ! ಬಿತ್ತನೆ ಗೂಡು ನೋಡೋ ಕಣ್ಣು ಕಣ್ರೀ ಇದು. ನಿಮ್ ಪ್ರಿನ್ಸಿಪಾಲ್ರು ಎಂಥಾ ಕೈ! ಅವರವ್ವನ್ನೇ ನೆನೆಸ್ಕಂಡು ಮಾಡವ್ರಂತೆ. ಮಾಡೋವಾಗ ಅತ್ತುಬುಟ್ರಂತೆ. ನನಗೇ ಹೇಳುದ್ರು."

ಆ ಮಾತು ಕೇಳಿದಾಗ ನನ್ನ ಕೈಯಲ್ಲಿ ನೀರಿನ ಚೊಂಬಿತ್ತು. ಅದನ್ನು ಕೆಳಗಿಟ್ಟೆ. ಹೌದು ಗೌಡ್ರೇ ಎಂದೆ. ಅವರನ್ನು ಗೇಟಿನವರೆಗೆ ಬಿಟ್ಟುಬಂದೆ. ಆಮೇಲೆ ಕೆಂಪನ ಕೋಣೆಗೆ ಹೋಗಿ ಬಾಗಿಲು ಮುಚ್ಚಿದೆ.

"ಹುಡುಗಿ ಹೆಸ್ರು ಹಾಕಲ್ವೇನ್ಲಾ?"

"ಕೂತ್ಕೊಳ್ಳೋ ಮೊದ್ಲು."

"ಕೂರಲ್ಲ. ಹೇಳು."

"ಸ್ಟೂಡೆಂಟ್ ವರ್ಕು ಅಂದ್ರೆ ಸಂಘದೋರು ಒಪ್ಪಲ್ಲ ಕಣ್ಲಾ. ಪ್ರಿನ್ಸಿಪಾಲ್ ಮಾಡಿದ್ದು ಅಂದ್ರೆ ಕಾಲೇಜಿಗೊಂದು ಹೆಸರು, ಮುಂದೆ ನಾಕು ಕೆಲ್ಸ ಬತ್ತವೆ. ಸತ್ತೋಗಿರೋ ಮಗೂಗೆ ಹೆಸರಿಂದ ಏನ್ಲಾ ಆಗ್ಬೇಕು? ನಿನ್ ನೋವು ನಂಗೆ ಅರ್ಥ ಆಯ್ತದೆ."

"ನಿಮ್ಮವ್ವ ಅಂದ್ಯಂತೆ."

ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ. ತಲೆ ಎತ್ತದೆ ಹೇಳಿದ:

"ಎಲ್ಲಾ ಅವ್ವಂದಿರೂ ಒಂದೇ ಕಣ್ಲಾ."

ಈ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಕದ್ದದ್ದಕ್ಕಿಂತ ಈ ಮಾತೇ ನನಗೆ ಹೆಚ್ಚು ಉರಿಯಿತು. ಅವನಿಗೂ ಅವ್ವ ಇದ್ದಳು, ದೊಡ್ಡಮಳೂರಿನಲ್ಲಿ. ನಮ್ಮ ರೂಮಿಗೆ ಹುರಿಗಾಳು ಕಟ್ಟಿ ಕಳಿಸುತ್ತಿದ್ದಳು. ಸತ್ತಾಗ ಅವಳ ಹೆಣ ಹೊತ್ತ ನಾಲ್ವರಲ್ಲಿ ನಾನೂ ಒಬ್ಬ.

ನಾನು ಸುಮ್ಮನಾದದ್ದನ್ನು ಒಪ್ಪಿಗೆ ಎಂದುಕೊಂಡ ಕೆಂಪ ಹಗುರಾದ. "ಒಂದು ಐಡಿಯಾ ಐತೆ. ಮುಖ ಬಿಡಿಸೋದನ್ನ ಸಂಘದೋರ ಮುಂದೆ ಮಾಡಾಣ. ಗುರುಗಳ ಪದ್ಧತಿ ನೆನಪೈತಲ್ಲ? ನೀನು ಉಳಿದಿದ್ದೆಲ್ಲ ಬುಡ್ಸಿಟ್ಟಿರು. ಮುಖಕ್ಕೆ ನಾನು ನಾಕು ಏಟು ಹಾಕ್ತೀನಿ. ನೀಲಿ ಕಂಡ್ಮೇಲೆ ನೀನು ತಗಂಡು ನಾಜೂಕಾಗಿ ಮುಗ್ಸು."

ಇದನ್ನು ಓದುಗರಿಗೆ ಬಿಡಿಸಿ ಹೇಳಬೇಕು. ಮಣ್ಣಿನ ಪ್ರತಿಮೆಯನ್ನು ಸಿಮೆಂಟಿಗೆ ತರುವ ಒಂದು ವಿಧಾನಕ್ಕೆ ವೇಸ್ಟ್ ಮೋಲ್ಡ್ ಎನ್ನುತ್ತಾರೆ. ಮಣ್ಣಿನ ಮೇಲೆ ಪ್ಲಾಸ್ಟರ್ ಬಳಿದು ದಪ್ಪನೆಯ ಅಚ್ಚು ಮಾಡುತ್ತೇವೆ. ಅದು ಗಟ್ಟಿಯಾದ ಮೇಲೆ ಹಿಂದೆ ಮುಂದೆ ಎರಡು ಭಾಗವಾಗಿ ತೆಗೆದು ಒಳಗಿನ ಮಣ್ಣನ್ನು ಕಿತ್ತು ಹಾಕುತ್ತೇವೆ. ಖಾಲಿ ಅಚ್ಚಿಗೆ ಸಿಮೆಂಟು ತುಂಬಿ, ಭಾಗಗಳನ್ನು ಜೋಡಿಸಿ, ಒಣಗಲು ಬಿಡುತ್ತೇವೆ. ಕೊನೆಗೆ ಉಳಿ, ಕೊಡತಿ ಹಿಡಿದು ಅಚ್ಚನ್ನು ಚೂರು ಚೂರಾಗಿ ಒಡೆದು ತೆಗೆಯಬೇಕು. ಮಣ್ಣೂ ಹೋಯಿತು, ಅಚ್ಚೂ ಹೋಯಿತು. ಒಳಗಿಂದ ಬರುವ ಪ್ರತಿಮೆ ಒಂದೇ ಒಂದು. ಕೆಟ್ಟರೆ ಮತ್ತೆ ಮಾಡುವ ದಾರಿಯಿಲ್ಲ.

ಒಡೆಯುವಾಗ ಉಳಿ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಹೇಗೆ? ಅದಕ್ಕೊಂದು ಉಪಾಯವಿದೆ. ಮಣ್ಣಿಗೆ ತಾಗುವ ಮೊದಲ ತೆಳು ಪದರದ ಪ್ಲಾಸ್ಟರಿಗೆ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸುತ್ತೇವೆ. ಮೇಲಿನ ದಪ್ಪ ಪದರ ಬಿಳಿ. ಒಡೆಯುತ್ತಾ ಹೋಗಿ ನೀಲಿ ಕಂಡಿತೆಂದರೆ ಪ್ರತಿಮೆ ಹತ್ತಿರ ಬಂತು, ಕೈ ಹಗುರ ಮಾಡು ಎಂದು ಅರ್ಥ. ಬೂದು ಸಿಮೆಂಟಾದರೆ ಬಣ್ಣದಲ್ಲೂ ಸ್ವಲ್ಪ ಗೊತ್ತಾಗುತ್ತದೆ. ಬಿಳಿ ಸಿಮೆಂಟಿನಲ್ಲಿ ಅಚ್ಚೂ ಬಿಳಿ, ಪ್ರತಿಮೆಯೂ ಬಿಳಿ. ನೀಲಿ ಇಲ್ಲದಿದ್ದರೆ ಕುರುಡನ ಕೆಲಸ.

ನಮ್ಮ ಗುರುಗಳು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಮೈ ಕೈಯನ್ನು ಯಾರು ಬೇಕಾದರೂ ಬಿಡಿಸಲಿ, ಮುಖವನ್ನು ಮಾತ್ರ ಮಾಡಿದವರೇ ಬಿಡಿಸಬೇಕು. ದಪ್ಪ ಅಚ್ಚಿನೊಳಗೆ ಮೂಗು ಎಲ್ಲಿದೆ, ಹುಬ್ಬು ಎಲ್ಲಿ ಏರುತ್ತದೆ ಎಂಬುದು ಮಾಡಿದ ಬೆರಳಿಗೆ ಗೊತ್ತಿರುತ್ತದೆ ಎನ್ನುತ್ತಿದ್ದರು. ಈ ಪದ್ಧತಿಯನ್ನು ಕೆಂಪ ಈಗ ತನ್ನ ಕಳ್ಳತನಕ್ಕೆ ಮುದ್ರೆಯಾಗಿ ಬಳಸಲು ಹೊರಟಿದ್ದ.

"ಆಗ್ಲಿ ಸಾರ್," ಎಂದೆ. ಇಬ್ಬರೇ ಇದ್ದಾಗ ನಾನು ಅವನನ್ನು ಸಾರ್ ಎಂದದ್ದು ಅದೇ ಮೊದಲು. ಅವನು ಗಮನಿಸಲಿಲ್ಲ.

ಮಾರನೆಯ ದಿನ ಕನಕಪುರದಲ್ಲಿ ಬಸ್ಸು ಬದಲಿಸಿ ಮರಳವಾಡಿಗೆ ಹೋದೆ. ಅಕ್ಕ ರೇಷ್ಮೆ ಹುಳುಮನೆಯ ಮುಂದೆ ಕೂತು ಸೊಪ್ಪು ಕತ್ತರಿಸುತ್ತಿದ್ದಳು. ಮಗಳು ಹೋದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು. ನಾನು ಎಲ್ಲ ಹೇಳಿದೆ. ಅವಳ ಕತ್ತಿ ನಿಲ್ಲಲಿಲ್ಲ.

"ನಮ್ಮವ್ವನ್ನ ಅವ್ನವ್ವ ಅಂದ್ನಾ?"

"ಹೂಂ ಕಣಕ್ಕ."

"ನನ್ ಮಗಳ ಹೆಸ್ರು?"

"ಎಲ್ಲೂ ಹಾಕಲ್ವಂತೆ."

"ನೀನು ಹೋಗಿ ಗೌಡ್ರಿಗೆ ನಿಜ ಹೇಳು."

"ಹೇಳ್ಬೋದು ಅಕ್ಕ. ಹುಡುಗಿ ಮಣ್ಣು ಮೆತ್ತುಕೊಟ್ಳು, ನಾನು ರೂಪ ಕೊಟ್ಟೆ ಅಂತಾನೆ. ಸೋದರಮಾವ ದುಃಖದಲ್ಲಿ ಏನೋ ಹೇಳ್ತಾವ್ನೆ ಅಂತಾನೆ. ಅವನ ಬಾಯಿ ನಂಗೆ ಗೊತ್ತು."

ಆಗ ನೀಲಿಯ ವಿಷಯ ಹೇಳಿದೆ. ಮುಖದ ಭಾಗಕ್ಕೆ ನಾನು ನೀಲಿ ಹಾಕುವುದಿಲ್ಲ. ಉಳಿದ ಕಡೆಯೆಲ್ಲ ಹಾಕುತ್ತೇನೆ, ಅವನಿಗೆ ಅನುಮಾನ ಬಾರದ ಹಾಗೆ. ಮುಖದಲ್ಲಿ ನೀಲಿ ಸಿಗುತ್ತದೆಂದು ನಂಬಿ ಅವನು ಹೊಡೆಯುತ್ತಾನೆ. ಎಲ್ಲರೂ ಮುಖ ನೇರಕ್ಕಿದೆ ಎಂದುಕೊಳ್ಳುತ್ತಾರೆ. ಅವ್ವನ ಮುಖ ಎಡಕ್ಕೆ ತಿರುಗಿದೆ. ಮಾಡಿದವಳಿಗೆ ಅದು ಗೊತ್ತಿತ್ತು. ಅವನು ಬಟ್ಟೆ ಬಿಚ್ಚಿ ನಿಂತು ನೋಡಿದವನಲ್ಲ, ಅವನಿಗೆ ಗೊತ್ತಿಲ್ಲ. ಎದ್ದು ನಿಂತಿರುವುದು ಮೊದಲು ಮೂಗು, ಅದೇ ಹೋಗುತ್ತದೆ.

"ಅವ್ವನ ಮುಖ ಇರೋದು ಅದೊಂದ್ರಲ್ಲೇ ಅಕ್ಕ. ನೆಟ್ಟಗೊಂದು ಫೋಟೋನೂ ಇಲ್ಲ. ನೀನು ಬೇಡ ಅಂದ್ರೆ ನೀಲಿ ಹಾಕ್ಬುಡ್ತೀನಿ. ಅವನ ಹೆಸರಲ್ಲಾದ್ರೂ ಮುಖ ಉಳೀತದೆ."

ಅಕ್ಕ ಸೊಪ್ಪಿನ ರಾಶಿಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು. "ನಾನು ಗೂಡು ಮಾರಕ್ಕೆ ರಾಮನಗರಕ್ಕೆ ಬತ್ತೀನಿ. ಆ ಸರ್ಕಲ್ ದಾಟ್ಕಂಡೇ ಬರ್ಬೇಕು. ನಮ್ಮವ್ವ ಅವ್ನವ್ವ ಆಗಿ ಕೂತಿರೋದ್ನ ನೋಡ್ಕಂಡು ಬರ್ಲಾ? ನನ್ ಮಗಳ ಕೈನ ಅವ್ನ ಕೈ ಅಂದ್ಕಂಡು ನೋಡ್ಲಾ?" ಕತ್ತಿಯನ್ನು ನೆಲಕ್ಕೆ ಊರಿದಳು. "ಒಡದೋಗ್ಲಿ. ಅವ್ನ ಕೈಲೇ ಒಡೀಲಿ. ಆವತ್ತು ನಾನೂ ಬತ್ತೀನಿ."

ಆಮೇಲೆ ಊಟಕ್ಕೆ ಎಬ್ಬಿಸಿದಳು. ಮುದ್ದೆ, ಬಸ್ಸಾರು. ಇಬ್ಬರೂ ಚೆನ್ನಾಗಿ ಉಂಡೆವು. ಸುಮಿತ್ರ ಹೋದ ಮೇಲೆ ಅಕ್ಕ ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಚ್ಚು ಮಾಡುವ ದಿನ ಹುಡುಗರಿಗೆ ಬೇರೆ ಕೆಲಸ ಕೊಟ್ಟೆ. ಬಟ್ಟೆ ಬಿಚ್ಚಿ ಸುಮಿತ್ರಳ ಬೆರಳು ಓಡಾಡಿದ ಜಾಗಗಳನ್ನು ಒಂದು ಸಲ ಕಣ್ಣಲ್ಲಿ ಮುಟ್ಟಿದೆ. ಸೆರಗು, ಮೊರ, ಕಾಲು, ಬೆನ್ನು ಎಲ್ಲಕ್ಕೂ ನೀಲಿ ಪದರ ಎರಚಿದೆ. ಕುತ್ತಿಗೆಗೆ ಬಂದಾಗ ಬೇಸಿನ್ನು ಬದಲಿಸಿದೆ. ಅವ್ವನ ಮುಖದ ಮೇಲೆ ಬರೀ ಬಿಳಿ ಪ್ಲಾಸ್ಟರ್ ಹಾಕಿದೆ. ಮೊದಲು ಕಣ್ಣು ಮುಚ್ಚಿತು, ಆಮೇಲೆ ಬಾಯಿ, ಕೊನೆಗೆ ಮೂಗಿನ ತುದಿ. ದಪ್ಪ ಪದರ ಏರಿಸಿದ ಮೇಲೆ ತಲೆಯ ಜಾಗದಲ್ಲಿ ಸುಣ್ಣದ ಉಂಡೆಯಂಥ ಒಂದು ಗುಡ್ಡೆ ಉಳಿಯಿತು. ಯಾವ ಕಡೆ ಮುಖ, ಯಾವ ಕಡೆ ಕೆನ್ನೆ ಎಂದು ಗುರುತು ಸಿಗದ ಹಾಗೆ ಅದನ್ನು ಉರುಟಾಗಿ ಸವರಿದೆ. ಆಮೇಲೆ ಮಣ್ಣು ಕಿತ್ತು ಸಿಮೆಂಟು ತುಂಬಿದ್ದೂ ನಾನೊಬ್ಬನೇ. ನನ್ನ ವೃತ್ತಿಯಲ್ಲಿ ಅಷ್ಟು ಅಚ್ಚುಕಟ್ಟಾದ ಅಚ್ಚನ್ನು ನಾನು ಮತ್ತೆ ಮಾಡಿಲ್ಲ.

ಮುಖ ಬಿಡಿಸುವ ದಿನ ಶೆಡ್ಡಿಗೆ ಮಾವಿನೆಲೆ ತೋರಣ ಬಂತು. ಸಂಘದ ಪದಾಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತರು. ಹಿಂದೆ ವಿದ್ಯಾರ್ಥಿಗಳು. ಬಾಗಿಲ ಪಕ್ಕದಲ್ಲಿ ಅಕ್ಕ, ಸೆರಗು ಹೊದ್ದು ನಿಂತಿದ್ದಳು. ಅವಳು ಯಾರೆಂದು ಯಾರೂ ಕೇಳಲಿಲ್ಲ. ಪ್ರತಿಮೆಯ ಮೈಯನ್ನು ನಾನೂ ಹುಡುಗರೂ ಮೊದಲೇ ಬಿಡಿಸಿದ್ದೆವು. ನೀಲಿ ಚೂರುಗಳು ನೆಲದ ಮೇಲೆ ಬಿದ್ದಿದ್ದವು. ಅವನ್ನು ಗುಡಿಸದೆ ಹಾಗೇ ಬಿಟ್ಟಿದ್ದೆ. ಹಾಲಿನ ಬಣ್ಣದ ಹೆಂಗಸೊಬ್ಬಳು ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು, ತಲೆಯ ಜಾಗದಲ್ಲಿ ಮಾತ್ರ ಗುಡ್ಡೆ.

ಕೆಂಪರಾಜು ರೇಷ್ಮೆ ಜುಬ್ಬದಲ್ಲಿ ಬಂದ. ಗುರುಗಳ ಪದ್ಧತಿಯನ್ನು ಅವನೇ ಚೆನ್ನಾಗಿ ವಿವರಿಸಿದ. "ಮುಖಾನ ಮಾಡಿದ ಕೈಯೇ ಬಿಡಿಸಬೇಕು. ಬೇರೆಯವರ ಕೈಗೆ ಅದು ದಕ್ಕೋದಿಲ್ಲ," ಎಂದ. ಚಪ್ಪಾಳೆ ಬಿತ್ತು. ನಾನು ಉಳಿ, ಕೊಡತಿ ಕೊಟ್ಟೆ.

ಮೊದಲ ಏಟುಗಳು ಸರಿಯಾಗೇ ಇದ್ದವು. ಹಳೆಯ ಕಸುಬು ಕೈಯಲ್ಲಿ ಉಳಿದಿತ್ತು. ಬಿಳಿ ಚಕ್ಕೆಗಳು ಉದುರಿದವು. ಅವನು ನೀಲಿಗಾಗಿ ಬಗ್ಗಿ ನೋಡಿದ. ಇರಲಿಲ್ಲ. ಇನ್ನೂ ನಾಲ್ಕು ಏಟು. ಬಿಳಿಯೇ. ಫೋಟೋ ತೆಗೆಯುವವನು ಹತ್ತಿರ ಬಂದು ನಿಂತ. ಕೆಂಪ ನನ್ನ ಕಡೆ ನೋಡಿದ. ನಾನು ಕೈ ಕಟ್ಟಿಕೊಂಡು ನಿಂತಿದ್ದೆ.

"ದಪ್ಪ ಹಾಕ್ಬುಟ್ಟಿದ್ದೀಯ," ಎಂದು ಗೊಣಗಿ, ಮೂಗು ನಡುವೆ ಇರುತ್ತದೆಂದು ಉಳಿಯನ್ನು ಗುಡ್ಡೆಯ ನಟ್ಟನಡುವಿನಿಂದ ಒಸಿ ಪಕ್ಕಕ್ಕೆ ಇಟ್ಟು ಜೋರಾಗಿ ಹೊಡೆದ.

ಸದ್ದು ಬೇರೆಯಾಯಿತು. ಪ್ಲಾಸ್ಟರಿನದು ಮಂದ ಸದ್ದು. ಇದು ಕಲ್ಲಿನ ಸದ್ದು. ದೊಡ್ಡದೊಂದು ಚೂರು ಸಿಡಿದು ಬೋರೇಗೌಡರ ಕಾಲ ಬಳಿ ಬಿತ್ತು. ಅವರು ಬಗ್ಗಿ ಎತ್ತಿಕೊಂಡರು. ಒಂದು ಮಗ್ಗುಲಿಗೆ ಪ್ಲಾಸ್ಟರು ಇನ್ನೂ ಅಂಟಿತ್ತು. ಹೆಬ್ಬೆರಳಿನಿಂದ ಉಜ್ಜಿದರು.

"ಇದೇನ್ರೀ ಪ್ರಿನ್ಸಿಪಾಲ್ರೇ?" ಎಂದರು. "ಮೂಗು! ಮೂಗುಬೊಟ್ಟೂ ಐತಲ್ರೀ!"

ಕೆಂಪ ಉಳಿ ಇಳಿಸಿದ. ನನ್ನ ಹತ್ತಿರ ಬಂದು ಹಲ್ಲು ಕಚ್ಚಿ, "ನೀಲಿ ಹಾಕಿಲ್ವೇನ್ಲಾ ನೀನು?" ಎಂದ. ಮೆಲ್ಲಗೆ ಹೇಳಬೇಕೆಂದಿದ್ದ, ಆದರೆ ಅದು ಎಲ್ಲರಿಗೂ ಕೇಳಿತು.

ನಾನು ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ: "ಮಾಡಿದೋರಿಗೆ ನೀಲಿ ಯಾಕೆ ಬೇಕು ಸಾರ್?"

ಅವನ ಬಾಯಿ ತೆರೆಯಿತು. ಅದರಿಂದ ಮಾತು ಬರಲಿಲ್ಲ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವನಿಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಮುಖವನ್ನು ನಾನು ಆಸೆಪಟ್ಟು ನೋಡಿದೆ. ಕಣ್ಣು ತೆಗೆಯಲಿಲ್ಲ.

ಬೋರೇಗೌಡರು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಹೆತ್ತವ್ವನ ಮೂಗು ಎಲ್ಲೈತೆ ಅಂತ ತಿಳೀಲಿಲ್ವಾ ನಿಮ್ಗೆ?"

"ಅದು ಅವ್ನವ್ವ ಅಲ್ಲ ಕಣಪ್ಪಾ." ಬಾಗಿಲಿನಿಂದ ಅಕ್ಕನ ದನಿ. ಅವಳು ಸಾಲುಗಳ ನಡುವೆ ನಡೆದು ಬಂದಳು. "ನಮ್ಮವ್ವ. ಅಕ್ಕೂರಿನ ನಿಂಗಮ್ಮ. ಮಾಡಿದ್ದು ನನ್ ಮಗಳು ಸುಮಿತ್ರ. ಈ ಕೈ ನೋಡಿ, ಆ ಕೈ ನೋಡಿ." ತನ್ನ ಬಲಗೈಯನ್ನು ಪ್ರತಿಮೆಯ ಎತ್ತಿದ ಕೈಯ ಪಕ್ಕಕ್ಕೆ ಹಿಡಿದಳು. ಸೊಪ್ಪು ಕತ್ತರಿಸುವಾಗ ಗಾಯವಾಗಿ ಡೊಂಕಾಗಿದ್ದ ಅವಳ ತೋರುಬೆರಳು ಪ್ರತಿಮೆಯಲ್ಲೂ ಹಾಗೆಯೇ ಡೊಂಕಾಗಿತ್ತು. "ಮಗಳು ಇಲ್ಲ. ಅದ್ಕೇ ಇವ್ನು ಬಂದ."

ಹಿಂದಿನ ಸಾಲಿನ ಹುಡುಗರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವರೆಲ್ಲರಿಗೂ ಮೊದಲಿಂದ ಗೊತ್ತಿತ್ತು. ಪ್ರಿನ್ಸಿಪಾಲರ ಮುಂದೆ ಹೇಳುವ ಧೈರ್ಯ ಇರಲಿಲ್ಲ. ಕೆಂಪ ಜುಬ್ಬದ ಧೂಳು ಕೊಡವಿಕೊಂಡು, ಯಾರನ್ನೂ ನೋಡದೆ ಹೊರಗೆ ನಡೆದ.

ಉಳಿದ ಅಚ್ಚನ್ನು ನಾನು ಬಿಡಿಸಿದೆ. ಹಣೆ, ಕೆನ್ನೆ, ಅರೆತೆರೆದ ಬಾಯಿ, ಎಲ್ಲ ಸರಿಯಾಗಿದ್ದವು. ನಡುವೆ ಮಾತ್ರ ಒರಟು ಗಾಯ. ಸುಮಿತ್ರಳ ಹೆಸರು ಹಾಕಿ ಹಾಗೆಯೇ ನಿಲ್ಲಿಸೋಣ, ಮೂಗು ಅಂಟಿಸಿಕೊಡಿ ಎಂದು ಬೋರೇಗೌಡರು ಕೇಳಿದರು. ಸಂಘದ ಬೇರೆಯವರು ಒಪ್ಪಲಿಲ್ಲ. ಮೂಗು ಮುರಿದ ಹೆಣ್ಣು ವೃತ್ತಕ್ಕೆ ಅಪಶಕುನ ಎಂದರು. ಕೊನೆಗೆ ಅಲ್ಲಿ ಒಂದು ಕಾರಂಜಿ ಮಾಡಿದರು. ನಾವು ಪ್ರತಿಮೆಯನ್ನು ಟೆಂಪೋದಲ್ಲಿ ಮರಳವಾಡಿಗೆ ಒಯ್ದು ಅಕ್ಕನ ಮನೆಯ ಜಗಲಿಯ ಮೇಲೆ ಇಳಿಸಿದೆವು.

ಕೆಂಪ ಪ್ರಿನ್ಸಿಪಾಲನಾಗಿಯೇ ಉಳಿದ. ಅಂಥವರ ಕುರ್ಚಿ ಸುಲಭಕ್ಕೆ ಹೋಗುವುದಿಲ್ಲ. ನನಗೆ ಬಡ್ತಿ ತಪ್ಪಿಸಿದ, ನನ್ನ ವಿಭಾಗಕ್ಕೆ ಸಾಮಾನು ನಿಲ್ಲಿಸಿದ. ನಾನು ಒಂದನ್ನು ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ಕೊನೆಯ ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರ ಎದುರು, ವಿದ್ಯಾರ್ಥಿಯೇ ಮುಖ ಬಿಡಿಸಬೇಕೆಂಬ ನಿಯಮ ತಂದೆ. ಪರೀಕ್ಷಕರನ್ನು ಬರಮಾಡಿಕೊಳ್ಳಲು ಪ್ರಿನ್ಸಿಪಾಲರು ಶೆಡ್ಡಿಗೆ ಬರಲೇಬೇಕಿತ್ತು. "ಮುಖ ಯಾರು ಬಿಡಿಸ್ತಾರೆ?" ಎಂದು ನಾನು ಕೇಳುತ್ತಿದ್ದೆ. "ಮಾಡಿದೋರು ಸಾರ್!" ಎಂದು ಹುಡುಗರು ಕೂಗುತ್ತಿದ್ದರು. ಅವನು ನೆಲ ನೋಡುತ್ತಾ ನಿಂತಿರುತ್ತಿದ್ದ. ನಿವೃತ್ತನಾಗುವವರೆಗೆ ಅದನ್ನು ಅವನು ಕೇಳಿಸಿಕೊಂಡ. ಶಿಕ್ಷಣದ ದೃಷ್ಟಿಯಿಂದ ಒಳ್ಳೆಯ ನಿಯಮ ಎಂದು ಹೊರಗಿನ ಪರೀಕ್ಷಕರು ಮೆಚ್ಚಿದರು. ನಾನು ಅದನ್ನು ಮಾಡಿದ್ದು ಶಿಕ್ಷಣಕ್ಕಾಗಿ ಅಲ್ಲ.

ನಾನು ಕಲಿತ ಪಾಠ ಇನ್ನೊಂದಿದೆ. ಅದನ್ನು ಕಲಿಸಿದವಳು ಅಕ್ಕ.

ಪ್ರತಿಮೆ ಜಗಲಿಗೆ ಬಂದ ಮುಂದಿನ ಬೇಸಿಗೆಯಲ್ಲಿ ನಾನು ಬಿಳಿ ಸಿಮೆಂಟು, ಕರಣಿ ಎಲ್ಲ ತೆಗೆದುಕೊಂಡು ಮರಳವಾಡಿಗೆ ಹೋದೆ. ಬಿದ್ದ ಚೂರು ಅಂಟಿಸುವಂತಿರಲಿಲ್ಲ, ಅಷ್ಟರಲ್ಲಿ ಪುಡಿಪುಡಿಯಾಗಿತ್ತು. ಹೊಸದಾಗಿ ಮಾಡಬೇಕಿತ್ತು. ಅವ್ವನ ಮೂಗು ನನಗೆ ಗೊತ್ತಿಲ್ಲವೇ? ಹೆತ್ತವಳು. ಗಾರೆ ಕಲಸಲು ಕೂತಾಗ ಅಕ್ಕ ಹೊರಗೆ ಬಂದಳು.

"ಏನ್ ಮಾಡ್ತಿದ್ದೀಯ?"

"ಮೂಗು ಕೂರಿಸ್ಬುಡ್ತೀನಿ ಕಣಕ್ಕ. ಗೊತ್ತೇ ಆಗದಂಗೆ ಸೇರ್ಸ್ತೀನಿ."

ಅಕ್ಕ ನನ್ನ ಮುಂದಿನ ಬಾಣಲೆಯನ್ನು ಎತ್ತಿ ಅಂಗಳದ ಮೂಲೆಗೆ ಸುರಿದಳು.

"ಬ್ಯಾಡ. ನೀನು ಮಾಡುದ್ರೆ ಅದು ನಿನ್ ಕೆಲ್ಸ ಆಯ್ತದೆ."

ನಾನು ಸಾಮಾನು ಕಟ್ಟಿಕೊಂಡೆ. ಅಲ್ಲಿಯವರೆಗೆ ವರ್ಷಗಟ್ಟಲೆ ಮಕ್ಕಳ ಕೃತಿಗಳನ್ನು ತಿದ್ದಿದವನು ನಾನು. ಕಣ್ಣು ಸರಿಮಾಡಿಕೊಟ್ಟಿದ್ದೆ, ತುಟಿ ತೀಡಿಕೊಟ್ಟಿದ್ದೆ, ಅದನ್ನೇ ಪಾಠ ಎಂದುಕೊಂಡಿದ್ದೆ. ಆ ದಿನದಿಂದ ಯಾವ ವಿದ್ಯಾರ್ಥಿಯ ಮಣ್ಣಿಗೂ ಬೆರಳು ಹಚ್ಚಲಿಲ್ಲ. ಕೆಟ್ಟಿದ್ದರೆ ಬಾಯಲ್ಲಿ ಹೇಳುತ್ತಿದ್ದೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ.

ಅಕ್ಕನ ತಿಥಿಯ ದಿನ ನೆಂಟರು ಕೇಳಿದರು, ಇನ್ನಾದರೂ ಮೂಗು ಸರಿಮಾಡಬಾರದೇ, ನೋಡಲಾಗುವುದಿಲ್ಲ ಎಂದು. ನೋಡಲಾಗದಿದ್ದರೆ ನೋಡಬೇಡಿ ಎಂದೆ. ಕಷ್ಟಪಟ್ಟು ನೋಡಿ ಎಂದೂ ಹೇಳಬಹುದಿತ್ತು. ಈಗ ಅಕ್ಕನ ಮನೆಯಲ್ಲೇ ಇರುವ ನಾನು ದಿನವೂ ಹಾಗೇ ನೋಡುತ್ತೇನೆ. ಮೂಗಿನ ಜಾಗ ನೋಡಿದಾಗಲೆಲ್ಲ ಅವನ ಬಾಯಿ ತೆರೆದು ಮಾತು ಬಾರದೆ ಹೋದ ಗಳಿಗೆ ನೆನಪಾಗುತ್ತದೆ, ಸಮಾಧಾನವಾಗುತ್ತದೆ. ಆಮೇಲೆ ಅವ್ವನ ಮೂಗು ಹೇಗಿತ್ತು ಎಂದು ನೆನೆಸಿಕೊಳ್ಳಲು ಹೋಗುತ್ತೇನೆ. ಅದು ಈಗ ನನಗೆ ನೆನಪಿಗೆ ಬರುತ್ತಿಲ್ಲ.